ಎರಡು ಮನೆಗೆ ಒಂದೇ ಕಾದಂಬರಿ

ಬನಹಟ್ಟಿಯ ಕಾಲೇಜಿಗೆ ಇಂಗ್ಲಿಷ್ ಉಪನ್ಯಾಸಕಿಯಾಗಿ ಬಂದು ನನಗಾಗ ಎರಡನೆಯ ವರ್ಷ. ಮೊಬೈಲು ಇನ್ನೂ ಹುಡುಗರ ಕಿಸೆಗೆ ಬಂದಿರದ ಕಾಲ. ಬೀಳಗಿಯಲ್ಲಿ ಬೆಳೆದ ನನಗೆ ಪಾವರ್‌ಲೂಮಿನ ಸಪ್ಪಳ ಅಭ್ಯಾಸವಿರಲಿಲ್ಲ. ಕಾಲೇಜಿನ ಸುತ್ತಲೂ ಮಗ್ಗದ ಶೆಡ್ಡುಗಳು. ತರಗತಿಯ ಕಿಟಕಿ ತೆರೆದರೆ ಖಟಖಟ, ಮುಚ್ಚಿದರೆ ಸೆಕೆಯ ಕುದಿ. ನಾನು ಮುಚ್ಚಿಕೊಂಡೇ ಪಾಠ ಮಾಡುತ್ತಿದ್ದೆ.

ಬಿ.ಎ. ತರಗತಿಗೆ ಆ ವರ್ಷ ಇದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಲೇಖಕಿಯ ಕಾದಂಬರಿ. ಬಟ್ಟೆ ಮಿಲ್ಲುಗಳ ಊರು, ಹತ್ತಿಯ ಧೂಳು ನುಂಗಿ ಕೆಮ್ಮುವ ಹುಡುಗಿ, ಮಜೂರಿ ಹೆಚ್ಚಿಸಿ ಎಂದು ಕೆಲಸ ನಿಲ್ಲಿಸಿ ಸಂಪು ಹೂಡಿದ ಕೆಲಸಗಾರರು, ಒಬ್ಬ ಹಟಮಾರಿ ಮಾಲಕ. ಇದನ್ನು ಪಠ್ಯವಾಗಿ ಆರಿಸಿದವರು ಬನಹಟ್ಟಿಯನ್ನು ಕಣ್ಣಿಂದ ಕಂಡವರಲ್ಲ ಎಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ. ಕಂಡಿದ್ದರೆ ಇಷ್ಟು ಧೈರ್ಯ ಮಾಡುತ್ತಿರಲಿಲ್ಲ.

ತರಗತಿಯ ಮಕ್ಕಳು ಬಹಳಷ್ಟು ಮಂದಿ ಗೈಡು ಓದಿ ಕೈತೊಳೆದುಕೊಳ್ಳುವವರು. ಮೂಲ ಪುಸ್ತಕವನ್ನೇ ಓದುತ್ತೇವೆ ಎಂದು ಹಟ ಹಿಡಿದವರು ಇಬ್ಬರೇ ಹುಡುಗಿಯರು. ಕಸ್ತೂರಿಯ ತಂದೆ ಪರಪ್ಪನವರು ಕೂಲಿ ಮಗ್ಗ ನಡೆಸುವ ನೇಕಾರರು. ಸುವರ್ಣಾಳ ತಂದೆ ಶಿವಲಿಂಗಪ್ಪನವರು ಆ ಮಗ್ಗಗಳ ಮಾಲಕರು. ಲೈಬ್ರರಿಯಲ್ಲಿದ್ದದ್ದು ಒಂದೇ ಪ್ರತಿ. ಒಂದು ದಿನ ಇವಳ ಮನೆ, ಒಂದು ದಿನ ಅವಳ ಮನೆ ಎಂದು ಹುಡುಗಿಯರೇ ಹಂಚಿಕೊಂಡಿದ್ದರು. ಸುವರ್ಣಾಳಿಗೆ ಈ ಪೇಪರು ಎರಡನೆಯ ಸಲ. ಈ ಬಾರಿಯೂ ಫೇಲಾದರೆ ಓದು ಬಂದ್, ಮುಧೋಳದ ವರನ ಮಾತು ಮುಗಿಸಿಬಿಡುತ್ತೇನೆ ಎಂದು ತಂದೆ ಹೇಳಿದ್ದರು. ಅವಳಿಗೋ ಟೀಚರ್ ಆಗುವ ಆಸೆ.

ಪರೀಕ್ಷೆಗೆ ಓದುವ ರಜೆ ಬಿಡುವುದಕ್ಕೂ ಊರಿನಲ್ಲಿ ಮಜೂರಿಗಾಗಿ ಸಂಪು ಶುರುವಾಗುವುದಕ್ಕೂ ಸರಿಹೋಯಿತು. ಶೆಡ್ಡುಗಳೆಲ್ಲ ನಿಂತವು. ಕಿಟಕಿ ತೆರೆದು ಪಾಠ ಮಾಡಬಹುದಾದ ದಿನ ಬಂತು, ಆದರೆ ಎದುರಿಗೆ ಮಕ್ಕಳಿಲ್ಲ. ಶಿವಲಿಂಗಪ್ಪನವರು ಮಗಳಿಗೆ ನೇಕಾರರ ಓಣಿಯ ಕಡೆ ಕಾಲಿಡಬೇಡ ಎಂದರು. ಕಸ್ತೂರಿಗೂ ಮಾಲಕರ ಮನೆ ದೂರವಾಯಿತು. ಪುಸ್ತಕ ತಿರುಗಬೇಕಲ್ಲ? ನಾನೇ ಪೋಸ್ಟ್‌ಮನ್ ಆದೆ. ದಿನಕ್ಕೊಂದು ಸಲ ಪುಸ್ತಕ ಒಯ್ಯುವುದು, ಆ ಮನೆಯಲ್ಲಿ ಚಹಾ ಕುಡಿದು ಹುಡುಗಿಗೆ ಒಂದು ಅಧ್ಯಾಯ ವಿವರಿಸುವುದು.

ತಮಾಷೆ ಏನೆಂದರೆ, ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಅಪ್ಪಂದಿರಿಬ್ಬರೂ ಪಾಠಕ್ಕೆ ಕಿವಿಗೊಡತೊಡಗಿದರು. ಕನ್ನಡದಲ್ಲಿ ನಾನು ಹೇಳುತ್ತಿದ್ದ ಕಥೆ ಎರಡೂ ಮನೆಯಲ್ಲಿ ಧಾರಾವಾಹಿಯಂತಾಯಿತು. ಹೋದ ಕೂಡಲೇ ಒಂದೇ ಪ್ರಶ್ನೆ, “ಮುಂದ ಏನಾತ್ರಿ?”

ಒಂದು ದಿನ ಪರಪ್ಪನವರು ನೇರವಾಗಿ ಕೇಳಿದರು. “ಅಕ್ಕೋರ, ಕತ್ಯಾಗಿನ ಸಂಪು ಗೆದ್ದೈತೋ ಸೋತೈತೋ?”

ಕಾದಂಬರಿಯಲ್ಲಿ ಸಂಪು ಮುರಿಯುತ್ತದೆ. ಒಲೆ ಅರ್ಧಹೊತ್ತು ಉರಿಯುತ್ತಿದ್ದ ಮನೆಯಲ್ಲಿ ಕುಳಿತು ಅದನ್ನು ಹೇಗೆ ಹೇಳುವುದು? ಗೆದ್ದಿತು ಎಂದುಬಿಡಲೇ ಎನಿಸಿತು. ಅವರಿಗೆ ಇಂಗ್ಲಿಷ್ ಬಾರದು, ಪರೀಕ್ಷೆಗೂ ಕೂಡುವವರಲ್ಲ. ಕಸ್ತೂರಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಸೋತೈತ್ರಿ,” ಎಂದೆ.

ಅವರು ಪುಸ್ತಕವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ, “ಬರದಾಕಿ ಮಾಲಕರ ಪೈಕಿ ಏನ್ರಿ?” ಎಂದರು.

“ಅಲ್ರಿ, ಪಾದ್ರಿ ಹೆಂಡತಿ. ಎರಡೂ ಕಡೆ ಮನಿಗೆ ಹೋಗಿ ಬಂದಾಕಿ.”

“ಹಂಗಾರ ಖರೇನ ಬರದಿರಬೇಕು ಬಿಡ್ರಿ.”

ಮರುದಿನ ಶಿವಲಿಂಗಪ್ಪನವರ ಸರದಿ. ಸಂಪು ಮುರಿಯಿತು ಎಂದಾಗ ಅವರ ಮುಖ ಅರಳಿತು. “ಅಂದ್ರ ಮಾಲಕ ಗೆದ್ದಾ!” ಎಂದರು. ಅಲ್ಲಿಗೇ ನಿಲ್ಲಿಸಿ ಇನ್ನೊಂದು ಕಪ್ ಚಹಾ ಕುಡಿದು ಬರಬಹುದಿತ್ತು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. “ಗೆದ್ದಾನ್ರಿ, ಆಮ್ಯಾಲ ದಿವಾಳಿ ಎದ್ದಾನ,” ಎಂದೆ. ಆ ದಿನ ಎರಡನೆಯ ಕಪ್ ಬರಲಿಲ್ಲ.

ಪರೀಕ್ಷೆಗೆ ಇನ್ನು ಎರಡೇ ದಿನ ಉಳಿದಿತ್ತು. ಪುಸ್ತಕ ಕಸ್ತೂರಿಯ ಮನೆಯಲ್ಲಿತ್ತು. ಅಂದು ಅದು ಸುವರ್ಣಾಳಿಗೆ ಹೋಗಿ, ಮರುದಿನ ಸಂಜೆ ಕಸ್ತೂರಿಗೆ ಮರಳಬೇಕು. ಆದರೆ ನೇಕಾರರು ಠರಾವು ಮಾಡಿದ್ದರು: ಮಾಲಕರ ಮನೆಗೆ ನಮ್ಮ ಕಡೆಯಿಂದ ಒಂದು ಬೆಂಕಿಕಡ್ಡಿಯೂ ಹೋಗಕೂಡದು. ಓಣಿಯ ಬಾಯಲ್ಲಿ ಒಬ್ಬ ಹಿರಿಯರು ನನ್ನನ್ನು ತಡೆದು, “ಅಕ್ಕೋರ, ತಪ್ಪ ತಿಳೀಬ್ಯಾಡ್ರಿ, ಇವತ್ತ ನೀವೂ ಬ್ಯಾಡ್ರಿ,” ಎಂದು ಕೈ ಮುಗಿದರು. ಬರಿಗೈಲಿ ಸುವರ್ಣಾಳ ಮನೆಗೆ ಹೋದೆ. ವಿಷಯ ಕೇಳಿ ಹುಡುಗಿ ಬಾಯಿಗೆ ಸೆರಗು ಹಿಡಿದು ಅತ್ತಳು. ಕೊನೆಯ ಆರು ಅಧ್ಯಾಯ ಅವಳು ಮುಟ್ಟಿಯೇ ಇರಲಿಲ್ಲ. ಶಿವಲಿಂಗಪ್ಪನವರು ಮಗಳನ್ನು ನೋಡಲಾರದೆ ಕಟ್ಟೆಗೆ ಬಂದು ನಿಂತರು. ಎದುರಿಗೆ ರಸ್ತೆಯಲ್ಲಿ ಚಾಪೆ ಹಾಸಿ ನೇಕಾರರು ಧರಣಿ ಕುಳಿತಿದ್ದರು.

ಆಗ ಓಣಿಯಿಂದ ಪರಪ್ಪನವರು ಬಂದರು. ಪುಸ್ತಕವನ್ನು ಶಾಲಿನೊಳಗೆ ಮುಚ್ಚಿಟ್ಟಿರಲಿಲ್ಲ, ಎಲ್ಲರಿಗೂ ಕಾಣುವಂತೆ ಕೈಯಲ್ಲೇ ಹಿಡಿದಿದ್ದರು.

“ಪರಪ್ಪಣ್ಣ, ಠರಾವ್ ಆಗೈತಿ,” ಎಂದರು ಕುಳಿತವರು.

“ಮಗ್ಗ ನಿಲ್ಲಸು ಅಂದ್ರಿ, ನಿಲ್ಲಿಸೇನಿ. ಹುಡುಗೀ ಸಾಲಿ ನಿಲ್ಲಸು ಅಂತ ಠರಾವಿನ್ಯಾಗ ಎಲ್ಲೈತಿ?”

ಪರಪ್ಪನವರು ಕಟ್ಟೆ ಹತ್ತಿ ಪುಸ್ತಕ ಕೊಟ್ಟರು. ಶಿವಲಿಂಗಪ್ಪನವರು ತಡವರಿಸಿ, “ಬಾ ಪರಪ್ಪಾ, ಕುಂದರು, ಚಾ ಕುಡಿ,” ಎಂದರು.

“ಸಂಪು ಮುಗೀಲಿರಿ, ಕುಂದರತೇನಿ,” ಎಂದು ಇಳಿದುಹೋಗಿ ತಮ್ಮವರ ಚಾಪೆಯ ಮೇಲೆ, ಅದೇ ಮನೆಗೆ ಮುಖ ಮಾಡಿ ಕುಳಿತರು. ಪಕ್ಕದವರು ಸರಿದು ಜಾಗ ಬಿಟ್ಟದ್ದು ಸಿಟ್ಟಿಗೋ ಪ್ರೀತಿಗೋ ನನಗೆ ತಿಳಿಯಲಿಲ್ಲ.

ಮರುದಿನ ಸಂಜೆ ನಾನು ಕಸ್ತೂರಿಯ ಮನೆಯಲ್ಲಿದ್ದೆ. ಪುಸ್ತಕ ಬರುತ್ತದೋ ಇಲ್ಲವೋ ಎಂದು ಆಕೆಯ ತಾಯಿ ಹತ್ತು ಸಲ ಬಾಗಿಲಿಗೆ ಹೋಗಿ ಬಂದರು. ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಗುಜುಗುಜು. ನೋಡಿದರೆ ಶಿವಲಿಂಗಪ್ಪನವರು, ಒಬ್ಬರೇ, ನಡೆದುಕೊಂಡು ಬರುತ್ತಿದ್ದಾರೆ. ಪುಸ್ತಕವನ್ನು ಕಸ್ತೂರಿಯ ಕೈಗಿತ್ತು, “ಛಲೋ ಬರಿಯವ್ವ,” ಎಂದರು. ಪರಪ್ಪನವರು ಚಾಪೆ ಹಾಸಿದರು. “ನನಗೇನ ಯಾರೂ ಠರಾವ್ ಮಾಡಿಲ್ಲ,” ಎನ್ನುತ್ತ ಮಾಲಕರು ಕುಳಿತೇಬಿಟ್ಟರು.

ಮಜೂರಿಯ ಮಾತು ಒಂದೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು, “ಪರಪ್ಪಾ, ಆ ಕತ್ಯಾಗಿನ ಸಂಪು ಏನಾತಂತ ನಿನಗ ಹೇಳ್ಯಾರ ಇವ್ರು?”



“ಸೋತೈತಂತ್ರಿ. ನಿಮಗ?”

“ನನಗೂ ಅದನ್ನ ಹೇಳ್ಯಾರ. ಮಾಲಕ ದಿವಾಳಿ ಎದ್ದಾನಂತನೂ ಹೇಳ್ಯಾರ.”

“ಅದೂ ಆಮ್ಯಾಲ ಹೇಳ್ಯಾರ್ರಿ.”

ಇಬ್ಬರೂ ನನ್ನ ಕಡೆ ತಿರುಗಿದರು. “ನಾಳಿ ನಮ್ಮ ಮಜೂರಿ ಮಾತುಕತಿಗೂ ಈ ಅಕ್ಕೋರನ್ನ ಕರಿಯೂಣೇನ್ರಿ?” ಎಂದರು ಪರಪ್ಪನವರು. ಸಂಪು ಶುರುವಾದ ಮೇಲೆ ಆ ಇಬ್ಬರೂ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾತುಕತೆಗೆ ನನ್ನನ್ನು ಯಾರೂ ಕರೆಯಲಿಲ್ಲ, ಕರೆಯುವುದು ಬೇಕಾಗಿಯೂ ಇರಲಿಲ್ಲ. ಇನ್ನಷ್ಟು ದಿನ ಜಗ್ಗಾಡಿ ಸಂಪು ಮುಗಿಯಿತು. ಕೇಳಿದ್ದಕ್ಕಿಂತ ಕಡಿಮೆ, ಕೊಡುತ್ತೇವೆಂದದ್ದಕ್ಕಿಂತ ಹೆಚ್ಚು. ಹುಡುಗಿಯರಿಬ್ಬರೂ ಪಾಸಾದರು. ಮುಧೋಳದ ವರ ಬೇರೆ ಕಡೆ ಹೆಣ್ಣು ನೋಡಿಕೊಂಡ. ಸುವರ್ಣಾ ಈಗ ಜಮಖಂಡಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಕಸ್ತೂರಿ ಬ್ಯಾಂಕಿನಲ್ಲಿದ್ದಾಳೆ.

ನಿವೃತ್ತಿಯ ನಂತರ ಬೀಳಗಿಯ ಮನೆಯಲ್ಲಿ ಸಂಜೆಯಾದರೆ ಆ ಖಟಖಟ ಬೇಕೆನಿಸುತ್ತದೆ. ಆಗ ಕಿಟಕಿ ಮುಚ್ಚಿಕೊಂಡವಳಿಗೆ ಈಗ ಇದೆಂಥ ಹುಚ್ಚು! ಪಾಠ ಮಾಡುವವರು ಯಾರ ಪಕ್ಷ ಎಂದು ಹೊಸ ಉಪನ್ಯಾಸಕರು ಕೇಳಿದಾಗ ಪರಪ್ಪನವರ ಮನೆಯ ಆ ಚಾಪೆ ಕಣ್ಣ ಮುಂದೆ ಬರುತ್ತದೆ. ಒಬ್ಬರನ್ನು ಸಮಾಧಾನ ಮಾಡಲು ನಾನು ಒಂದೇ ಒಂದು ಸುಳ್ಳು ಹೇಳಿದ್ದರೂ, ಆ ಸಂಜೆ ಇಬ್ಬರಲ್ಲಿ ಒಬ್ಬರು ಆ ಚಾಪೆಯಿಂದ ಎದ್ದು ಹೋಗುತ್ತಿದ್ದರು.