ಇಪ್ಪತ್ತಾರರ ತಾತ

ಅಮೆರಿಕದ ಕ್ಯಾನ್ಸಸ್‌ನ ಗೋಧಿ ಸೀಮೆಯಲ್ಲಿದ್ದ ಆ ಪುಟ್ಟ ಕಾಲೇಜಿಗೆ ಸೇರುವಾಗ ಆರ್ವಿಲ್ ಟೆಗ್ಟ್‌ಮಾಯರನಿಗೆ ಇಪ್ಪತ್ತಾರು ತುಂಬಿತ್ತು. ಅಪ್ಪ ತೀರಿಕೊಂಡ ಮೇಲೆ ಎಂಟು ವರ್ಷ ಹೊಲ ಉತ್ತು, ಇಬ್ಬರು ತಂಗಿಯರನ್ನು ಓದಿಸಿ, ಆಮೇಲೆ ತಾನು ಪುಸ್ತಕ ಹಿಡಿದವನು. ಅದು 1937.

ರಸಾಯನಶಾಸ್ತ್ರದ ಜೊತೆಗೆ, ಚೆಂಡನ್ನು ಕೈಯಲ್ಲಿ ಹಿಡಿದೋಡುವ ಅಮೆರಿಕನ್ ಫುಟ್‌ಬಾಲ್ ತಂಡವನ್ನೂ ನೋಡಿಕೊಳ್ಳುತ್ತಿದ್ದ ಬ್ರೂನರ್ ಮೇಷ್ಟ್ರು ಅವನ ಹೆಗಲು ಕಂಡವರೇ, "ನಾಳೆ ಮೈದಾನಕ್ಕೆ ಬಾ" ಅಂದರು.

"ಚೆಂಡು ಮುಟ್ಟಿಯೇ ಗೊತ್ತಿಲ್ಲ ಸಾರ್."

"ಮುಟ್ಟೋದು ಬೇಡ. ಎದುರಿಗಿರೋನನ್ನ ತಳ್ಳು, ಸಾಕು."

ಹುಡುಗರು ಅವನಿಗೆ ಮೊದಲ ದಿನವೇ ತಾತ ಎಂದು ಹೆಸರಿಟ್ಟರು. "ತಾತ, ಊರುಗೋಲು ತರ್ಲಾ?" ಎಂದು ಕೀಟಲೆ ಮಾಡುವುದರಲ್ಲಿ ಲೀಲಂಡ್ ಕ್ರೌಸ್ ಮುಂದು. ಚೆಂಡು ಅವುಚಿಕೊಂಡು ಓಡುವುದರಲ್ಲೂ ಅವನೇ ಮುಂದು. ಆದರೆ ಓಡಲು ದಾರಿ ಬಿಟ್ಟವರಾರು? ಮೊದಲ ಎರಡು ಪಂದ್ಯಗಳಲ್ಲಿ ತಂಡ ಒಂದು ಅಂಕವನ್ನೂ ಕಾಣದೆ ಸೋತಿತು.

ಎರಡನೇ ಸೋಲಿನ ನಂತರ ಎಲ್ಲರೂ ತಲೆ ತಗ್ಗಿಸಿ ಬೂಟು ಬಿಚ್ಚುತ್ತಿದ್ದಾಗ ಆರ್ವಿಲ್ ಮೆಲ್ಲಗೆ ಬಾಯಿಬಿಟ್ಟ.

"ನಮ್ಮ ಹೇಸರಗತ್ತೆ ಒದೆಯೋಕೆ ಮುಂಚೆ ಭಾರಾನ ಮುಂಗಾಲಿಗೆ ಹಾಕುತ್ತೆ. ಎದುರಾಳಿಗಳೂ ಹಂಗೇ. ಆಟಕ್ಕೆ ಮುಂಚೆ ಬಗ್ಗಿ ನಿಂತಾಗ ನೆಲಕ್ಕೂರಿದ ಬೆರಳ ಗೆಣ್ಣು ಬೆಳ್ಳಗಾದ್ರೆ ನುಗ್ತಾರೆ. ಬೆರಳು ಸಡಿಲ ಇದ್ರೆ ಹಿಂದೆ ಸರೀತಾರೆ."

"ಅಂದ್ರೆ ನಾವು ಇಷ್ಟು ದಿನ ಕತ್ತೆಗಳ ಹತ್ರ ಒದೆ ತಿಂದ್ವಾ?" ಎಂದ ಲೀಲಂಡ್. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಮರುದಿನದಿಂದ ಮುಂದಿನ ಸಾಲಿನಲ್ಲಿ ನಿಂತು ತಳ್ಳುವವರೆಲ್ಲ ಎದುರಾಳಿಯ ಬೆರಳು ನೋಡುವುದನ್ನು ಕಲಿತರು.

ಆಮೇಲೆ ಸತತ ಐದು ಗೆಲುವು! ಕ್ಷೌರದಂಗಡಿಯಲ್ಲೂ ಚರ್ಚಿನ ಮೆಟ್ಟಿಲ ಮೇಲೂ ಅದೇ ಮಾತು. ಉಳಿದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನದ ಪಂದ್ಯ. ಎದುರಿಗೆ ಹನ್ನೊಂದು ವರ್ಷಗಳಿಂದ ಇವರಿಗೆ ಮಣಿಯದ, ನದಿಯಾಚೆಯ ಕಾಲೇಜು.

ಅಂದು ಆರ್ವಿಲ್‌ನ ಅಮ್ಮ ಮೊದಲ ಬಾರಿಗೆ ಆಟ ನೋಡಲು ಬಂದಿದ್ದಳು. ಹೆಪ್ಪುಗಟ್ಟಿದ ಮೈದಾನ ಕಲ್ಲಿನಂತಿತ್ತು. ಕೆಲವೇ ಸೆಕೆಂಡು ಬಾಕಿ. ಇವರ ಅಂಕ ಆರು, ಅವರದು ಏಳು. ಅವರು ತಾವು ಕಾಯಬೇಕಾದ ಗೋಲು ಗೆರೆಯ ಹತ್ತಿರವೇ ಸಿಕ್ಕಿಬಿದ್ದು, ಚೆಂಡನ್ನು ದೂರಕ್ಕೆ ಒದ್ದು ಪಾರಾಗಲು ನಿಂತರು. ಆರ್ವಿಲ್ ಎದುರಾಳಿಯ ಕೈ ನೋಡಿದ. ಬೆರಳು ನೆಲವನ್ನು ಸೋಕಿತ್ತು, ಅಷ್ಟೇ. ಚೆಂಡು ಅಲುಗಿದ್ದೇ ತಡ, ಹಿಂದೆ ಸರಿದವನ ಪಕ್ಕದಿಂದ ನುಸುಳಿ, ಎದೆಯೊಡ್ಡಿ ಹಾರಿದ. ಒದ್ದ ಚೆಂಡು ಧಡ್ಡೆಂದು ಎದೆಗೇ ಬಡಿಯಿತು. ಅವನ ಮೇಲೊಬ್ಬ, ಅವನ ಮೇಲಿನ್ನೊಬ್ಬ ಬಿದ್ದರು. ಕಣ್ಣಿಗೆ ಕತ್ತಲೆ. ಕಿವಿಗೆ ಬರೀ ಭೋರ್ಗರೆತ. ಅದು ಯಾರ ಕಡೆಯ ಕೂಗೋ ತಿಳಿಯಲಿಲ್ಲ.

ಲೀಲಂಡ್ ಅವನ ತೋಳು ಹಿಡಿದೆಳೆದ.

"ಯಾರು ಗೆದ್ರೋ?"

"ನಾವು ತಾತ, ನಾವು! ಚೆಂಡು ಗೆರೆಯಾಚೆ ಉರುಳ್ತು, ನಾನು ಅದರ ಮೇಲೆ ಬಿದ್ದೆ, ಆರು ಅಂಕ! ಹನ್ನೆರಡು ಏಳು!"

ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಅವರ ನಡುವೆ ಅಮ್ಮನೂ ಓಡಿಬಂದಳು, ಟೋಪಿ ವಾರೆಯಾಗಿತ್ತು.

"ಅಷ್ಟೊಂದು ಜನ ನಿನ್ ಮೇಲೆ ಬಿದ್ರಲ್ಲೋ! ಬಿಡಿಸೋಕೆ ನಾನೇ ಬರೋಳಿದ್ದೆ."

"ಬಂದಿದ್ರೆ ಮೇಷ್ಟ್ರು ನಿನ್ನನ್ನೂ ತಂಡಕ್ಕೆ ಸೇರಿಸ್ಕೋತಿದ್ರು, ಅಮ್ಮ."

ನಕ್ಕಾಗಲೇ ಪಕ್ಕೆ ಚುಚ್ಚಿದ್ದು; ಎರಡು ಎಲುಬು ಬಿರುಕು ಬಿಟ್ಟಿದ್ದವು. ಸಂಜೆ ಹಬ್ಬದೂಟದಲ್ಲಿ ಟರ್ಕಿ ಕೋಳಿಯನ್ನು ತಂಗಿಯೇ ತುಂಡು ಮಾಡಿಕೊಟ್ಟಳು. ಆರ್ವಿಲ್ ಇನ್ನೂ ಮೂರು ವರ್ಷ ಆಡಿದ. ಮೂವತ್ತಕ್ಕೆ ಪದವಿ ಪಡೆದು ಸೋತ ಕಾಲೇಜಿದ್ದ ನದಿಯಾಚೆಯ ಊರಿನ ಹೈಸ್ಕೂಲಿನಲ್ಲೇ ಬೇಸಾಯದ ಮೇಷ್ಟ್ರಾದ. ಅಲ್ಲಿನವರು ಮೊದಲ ವರ್ಷವಿಡೀ ಅವನನ್ನು ಗುರಾಯಿಸಿದರಂತೆ.