ನಮ್ಮ ಭಾವ ವೇಗ ಇಳಿಸಿದ್ದು

ನಮ್ಮ ಭಾವನನ್ನು ಯಾವ ಕುರ್ಚಿಯೂ ಐದು ನಿಮಿಷ ಹಿಡಿದಿಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೆ ಬೆರಳು ತಟ್ಟೆಯ ಅಂಚಿನ ಮೇಲೆ ಕುಣಿಯುತ್ತದೆ, ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯ ಮೇಲೆ. ಅಕ್ಕ ಭಾವನನ್ನು ಮೊದಲ ಸಲ ಮನೆಗೆ ಕರೆದುಕೊಂಡು ಬಂದಾಗ ನಮ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹತ್ತು ನಿಮಿಷ ನೋಡಿದಳು. ಆಮೇಲೆ ನನ್ನ ಕಿವಿಯಲ್ಲಿ, "ಹುಡುಗ ಒಳ್ಳೆಯವನ ಹಾಗೇ ಕಾಣ್ತಾನೆ. ಇರುವೆ ಗಿರುವೆ ಕಚ್ಚಿದ್ಯಾ ಅಂತ ಒಂದ್ಸಲ ಕೇಳು" ಅಂದಳು.

ಹೊಟ್ಟೆಪಾಡಿಗೆ ಅವರು ಹಲ್ಲು ಕಟ್ಟುತ್ತಾರೆ. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಮೇಲಿನ ಮಹಡಿಯ ಪುಟ್ಟ ಕೋಣೆಯಲ್ಲಿ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡಿಕೊಡುತ್ತಾರೆ. ಕಪಾಟಿನ ತುಂಬ ಯಾರು ಯಾರದೋ ದವಡೆಗಳು ಸಾಲಾಗಿ ಕೂತು ಹಲ್ಲು ಕಿರಿಯುತ್ತಿರುತ್ತವೆ. ವಿಚಿತ್ರವೆಂದರೆ ಆ ಕೆಲಸಕ್ಕೆ ಕೂತಾಗ ಅವರ ಕೈ ಒಂದಿಷ್ಟೂ ಅಲುಗುವುದಿಲ್ಲ.

ಅವರ ಮನಸ್ಸು ನೆಲೆ ನಿಲ್ಲುವ ಇನ್ನೊಂದು ಜಾಗ ಡ್ರಮ್ಸ್. ಇಪ್ಪತ್ತೆರಡು ವರ್ಷದಿಂದ ಒಂದೇ ಜಾಝ್ ಬ್ಯಾಂಡಿನಲ್ಲಿ ಬಾರಿಸುತ್ತಿದ್ದಾರೆ. ಡ್ರಮ್ಸ್ ಬಾರಿಸುವವರ ಕೆಲಸ ಸದ್ದು ಮಾಡುವುದು ಅಂತ ನಾನು ತಿಳಿದಿದ್ದೆ. ಅಲ್ಲವಂತೆ, ವೇಗ ಕಾಯುವುದಂತೆ. ಹಾಡು ಯಾವ ವೇಗದಲ್ಲಿ ಶುರುವಾಯಿತೋ ಅದೇ ವೇಗದಲ್ಲಿ ಮುಗಿಯಬೇಕು. ನಡುವೆ ತುತ್ತೂರಿ ಹುಮ್ಮಸ್ಸಿಗೆ ಓಡಬಹುದು, ಪಿಯಾನೊ ಸೋಮಾರಿಯಾಗಬಹುದು, ಡ್ರಮ್ಸ್ ಮಾತ್ರ ಜಗ್ಗಬಾರದು. "ಬಾಯಲ್ಲಿ ಸುಳ್ಳು ಹೇಳಿದ್ರೆ ಒಬ್ರಿಗೆ ಮೋಸ. ತಾಳದಲ್ಲಿ ಸುಳ್ಳು ಹೇಳಿದ್ರೆ ಹಾಲ್ ತುಂಬ ಇರೋರಿಗೆಲ್ಲ ಮೋಸ" ಎನ್ನುವುದು ಅವರ ಮಾತು. ಬ್ಯಾಂಡಿನ ಯಜಮಾನಿ ತುತ್ತೂರಿ ಊದುತ್ತಾಳೆ, ಹಾಗಾಗಿ ನಮಗೆಲ್ಲ ಅವಳು ತುತ್ತೂರಿಯಕ್ಕ. ಅವಳು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಿರುಗಿ ಭಾವನ ಕಡೆ ನೋಡಿದ್ದಿಲ್ಲ. ಅಷ್ಟು ನಂಬಿಕೆ.

ಅಕ್ಕ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದಳು. ಕುಣಿತ ಅವಳಿಗೆ ಹತ್ತಿದ್ದು ಮದುವೆಯಾದ ಮೇಲೆ. ಈ ಬ್ಯಾಂಡು ಬಾರಿಸುವುದೇ ಸ್ವಿಂಗ್ ಕುಣಿತಕ್ಕೆ. ಇಬ್ಬರು ಕೈ ಹಿಡಿದು, ಕಾಲು ಚಿಮ್ಮಿ, ಗಿರಕಿ ಹೊಡೆದು, ಒಬ್ಬರ ತಪ್ಪಿಗೆ ಇನ್ನೊಬ್ಬರು ನಗುತ್ತ ಕುಣಿಯುವಂಥದ್ದು. ಗಂಡ ಯಾವಾಗಲೂ ವೇದಿಕೆಯ ಮೇಲೆ, ಹಾಗಾಗಿ ಅಕ್ಕನ ಜೊತೆಗಾರ ನಮ್ಮ ಬೀದಿಯ ಕ್ಷೌರಿಕ. ಅವನನ್ನು ಎಲ್ಲರೂ ಕತ್ತರಿ ಅನ್ನುತ್ತೇವೆ. "ಬಾರಿಸೋನೊಬ್ಬ, ಕುಣಿಸೋನೊಬ್ಬ, ನನಗೆ ಎರಡು ಸಂಸಾರ" ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು.

ಹೋದ ವರ್ಷ ಅವಳು ಕೆಲಸದ ಮೇಜಿನ ಮುಂದೆ ಎದೆ ಹಿಡಿದುಕೊಂಡು ಕುಸಿದಳು. ಸ್ಟೆಂಟ್ ಹಾಕಿದರು. ಬದುಕಿದಳು. ಆರು ತಿಂಗಳ ನಂತರ ಡಾಕ್ಟರು ಕುಣಿಯಲು ಒಪ್ಪಿಗೆ ಕೊಟ್ಟರು, ಆದರೆ ಒಂದು ಮಾತು ಹೇಳಿದರು. "ಎದೆ ಬಿಗಿಯೋಕೆ ಶುರುವಾದ ಕ್ಷಣ ನಿಲ್ಲಿಸಿಬಿಡಬೇಕು. ಆ ಕ್ಷಣ ಯಾವುದು ಅಂತ ನಿಮಗೇ ಗೊತ್ತಾಗೋದು, ಬೇರೆ ಯಾರಿಗೂ ಅಲ್ಲ."

ಆ ಮಾತನ್ನು ಅಕ್ಕ ಒಬ್ಬಳೇ ಕೇಳಿಸಿಕೊಂಡಳು ಅಂತ ಕಾಣುತ್ತದೆ. ಅವಳು ಮೆಟ್ಟಿಲು ಹತ್ತಿದರೆ ಭಾವ ಎರಡು ಮೆಟ್ಟಿಲು ಹಿಂದೆ ಕೈ ಚಾಚಿಕೊಂಡು ಹತ್ತುತ್ತಿದ್ದರು. ಅವಳು ಸ್ನಾನಕ್ಕೆ ಹೋದರೆ ಬಾಗಿಲಾಚೆ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು. ನಾನೇನು ಕಡಿಮೆ? ದಿನಕ್ಕೆ ಮೂರು ಸಲ ಫೋನು. ಒಂದು ದಿನ ಅವಳು ತಡೆಯಲಾರದೆ, "ನನ್ನನ್ನ ಹಲ್ಲು ಸೆಟ್ಟಿನ ಹಾಗೆ ನೀರಲ್ಲಿ ಮುಳುಗಿಸಿ ಇಡಬೇಡ್ರಿ" ಅಂದಳು. ನಾವು ನಕ್ಕೆವು. ಮಾರನೆಯ ದಿನವೂ ಮೂರು ಸಲ ಫೋನು ಮಾಡಿದೆ.

ಈ ವರ್ಷದ ಸ್ವಿಂಗ್ ಉತ್ಸವ ಹಳೆಯ ಅಂಚೆ ಕಚೇರಿಯ ಹಾಲಿನಲ್ಲಿ ನಡೆಯಿತು. ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆ ಮರದ ನೆಲದ ಆ ಉದ್ದನೆಯ ಹಾಲನ್ನು ಬಾಡಿಗೆಗೆ ಕೊಡುತ್ತಿದ್ದರು. ಮೂರು ದಿನದ ಗದ್ದಲ. ಬೆಳಿಗ್ಗೆ ಕಾರ್ಯಾಗಾರ, ಮಧ್ಯಾಹ್ನ ಸ್ಪರ್ಧೆ, ಸಂಜೆ ಎಲ್ಲರಿಗೂ ಕುಣಿತ. ಕಾರ್ಯಾಗಾರದಲ್ಲಿ ಎರಡು ನಿಮಿಷಕ್ಕೊಮ್ಮೆ ಮೇಷ್ಟರು ಚಪ್ಪಾಳೆ ತಟ್ಟಿ ಜೋಡಿ ಬದಲಿಸುತ್ತಾರೆ. ಬೆವರಿದ ಕೈಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತವೆ. ನನಗೆ ಕುಣಿಯಲು ಬಾರದು, ಆದ್ದರಿಂದ ಬಾಗಿಲ ಬಳಿ ಹೆಸರು ಬರೆಸಿಕೊಳ್ಳುವ ಮೇಜಿಗೆ ಹಾಕಿದ್ದರು.

ಎರಡನೆಯ ದಿನ ಮಧ್ಯಾಹ್ನ ವೇಗದ ಸ್ಪರ್ಧೆ. ಅದರ ನಿಯಮ ಸುಲಭ. ಸುತ್ತಿನಿಂದ ಸುತ್ತಿಗೆ ಬ್ಯಾಂಡು ವೇಗ ಏರಿಸುತ್ತ ಹೋಗುತ್ತದೆ, ಸುಸ್ತಾದವರು ಹೊರಗೆ ಬರುತ್ತಾರೆ, ಕೊನೆಗೆ ಉಳಿದ ಜೋಡಿಗೆ ಗೆಲುವು. ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತಾಗ ನಾನು ಫಾರಂಗಳ ಮೇಲೆ ಮೊಣಕೈ ಊರಿದೆ.

"ಫಾರಂ ಖಾಲಿಯಾಗಿದೆ ಅಕ್ಕ."

"ನಿನ್ನ ಮೊಣಕೈ ಕೆಳಗಿರೋದು ಏನು?"

ಕೊಟ್ಟೆ. ಮೂವತ್ತೊಂದು ಎಂದು ಬರೆದ ಚೀಟಿಯನ್ನು ಅವಳ ಬೆನ್ನಿಗೆ ಪಿನ್ನು ಮಾಡಿದೆ. ಅವಳು ತಿರುಗದೆಯೇ ಹೇಳಿದಳು, "ಗೆಲ್ಲೋಕೆ ಹೋಗ್ತಿಲ್ಲ ಕಣೇ. ಎಲ್ಲಿ ನಿಲ್ಲಿಸಬೇಕು ಅಂತ ನನಗೇ ಗೊತ್ತಾಗುತ್ತಾ ಇಲ್ವಾ, ಅದನ್ನ ನೋಡ್ಕೋಬೇಕು. ಒಂದು ವರ್ಷದಿಂದ ನನಗೆ ದಣಿವಾಗೋಕೆ ಮುಂಚೆನೇ ನೀವೆಲ್ಲ ನಿಲ್ಲಿಸಿಬಿಡ್ತಿದ್ದೀರಿ. ಹೀಗಾದ್ರೆ ನನ್ನ ಮೈ ಮೇಲೆ ನನಗೆ ನಂಬಿಕೆ ಬರೋದು ಯಾವಾಗ?"

ವೇದಿಕೆಯ ಹತ್ತಿರ ಹೋಗಿ ಭಾವನಿಗೂ ಅಷ್ಟೇ ಹೇಳಿದಳು. "ನೀವು ನಿಮ್ಮ ಕೆಲಸ ಮಾಡಿ. ನನ್ನ ಕಡೆ ನೋಡಬೇಡಿ. ಮಾತು ಕೊಡಿ." ಭಾವ ಕೊಟ್ಟರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಅವಳು ಅತ್ತ ಹೋದ ಮೇಲೆ ನಾನು ವೇದಿಕೆಯ ಹಿಂದೆ ಹೋಗಿ, "ಭಾವ, ಇನ್ನು ಎಲ್ಲಾ ನಿಮ್ಮ ಕೈಲಿದೆ" ಅಂದೆ. ಕೋಲುಗಳನ್ನು ತೊಡೆಯ ಮೇಲೆ ತಟ್ಟುತ್ತಲೇ ಇದ್ದರು. ಮೊದಲೇ ಕುದಿಯುತ್ತಿದ್ದ ಪಾತ್ರೆಯ ಕೆಳಗೆ ನಾನು ಇನ್ನೊಂದು ಕೊಳ್ಳಿ ಇಟ್ಟಿದ್ದೆ.

ನಿಮಿಷಕ್ಕೆ ನೂರೆಂಬತ್ತು ಬಡಿತದಿಂದ ಶುರುವಾಯಿತು. ಇಪ್ಪತ್ತು ಜೋಡಿ. ನಾನು ಮೇಜು ಬಿಟ್ಟು ಗೋಡೆಗೆ ಒರಗಿ ನಿಂತೆ, ಕೂತೆ, ಮತ್ತೆ ನಿಂತೆ. ಅಕ್ಕ ಚೆನ್ನಾಗಿ ಕುಣಿಯುತ್ತಿದ್ದಳು ಎನ್ನುವುದೂ ನನಗೆ ಹೊಳೆಯಲಿಲ್ಲ, ಅವಳ ಬಾಯಿ ತೆರೆದಿದೆಯೇ ಮುಚ್ಚಿದೆಯೇ ಎಂದಷ್ಟೇ ನೋಡುತ್ತಿದ್ದೆ. ಇನ್ನೂರಕ್ಕೆ ಬಂದಾಗ ಒಂಬತ್ತು ಜೋಡಿ ಉಳಿದವು. ಇನ್ನೂರ ಹತ್ತಕ್ಕೆ ಐದು. ಕತ್ತರಿಯ ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಕನ ಮುಖ ಕೆಂಪಗಿತ್ತು, ನಗುತ್ತಿದ್ದಳು. ತುತ್ತೂರಿಯಕ್ಕ ಬೆನ್ನ ಹಿಂದೆ ಬೆರಳು ಎತ್ತಿ ಸನ್ನೆ ಮಾಡಿದಳು, ಇನ್ನೂರ ಇಪ್ಪತ್ತು.

ಆ ಸುತ್ತು ಇನ್ನೂರ ಇಪ್ಪತ್ತರಲ್ಲೇ ಶುರುವಾಯಿತು. ಎರಡು ಜೋಡಿ ತಕ್ಷಣ ಹೊರಬಂದವು. ಅಕ್ಕ ಒಂದು ಗಿರಕಿಯ ನಂತರ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಅಷ್ಟೇ. ಆಮೇಲೆ ಏನಾಯಿತೆಂದು ನನ್ನ ಕಿವಿಗೆ ತಿಳಿಯಲಿಲ್ಲ, ಕಣ್ಣಿಗೆ ತಿಳಿಯಿತು. ಆಳೆತ್ತರದ ಪಿಟೀಲಿನಂಥ ಬಾಸ್ ನುಡಿಸುವ ಮುದುಕ ಕತ್ತು ತಿರುಗಿಸಿ ಭಾವನನ್ನು ನೋಡಿದ. ತುತ್ತೂರಿಯಕ್ಕ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಹಿಂದಕ್ಕೆ ತಿರುಗಿದಳು. ಭಾವ ತಲೆ ತಗ್ಗಿಸಿಕೊಂಡು ಬಾರಿಸುತ್ತಿದ್ದರು. ವೇಗವನ್ನು ಸದ್ದಿಲ್ಲದೆ ಕೆಳಗೆ ಇಳಿಸಿದ್ದರು.

ಮುನ್ನೂರು ಜನರ ಹಾಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಯಿತು. ಮದುವೆಯಾದಂದಿನಿಂದ ಆ ಮನುಷ್ಯನ ಬೆರಳಿನ ಸದ್ದು ಕೇಳುತ್ತ ಉಂಡು ಮಲಗಿದವಳು ಅವಳು. ನಾಲ್ಕು ಹೆಜ್ಜೆ ಹಾಕಿ ಕತ್ತರಿಯ ಕೈ ಬಿಟ್ಟಳು, ಬೆನ್ನಿನ ಚೀಟಿ ಕಿತ್ತಳು, ನೇರವಾಗಿ ಹೊರಗೆ ನಡೆದಳು. ಗೆದ್ದವರು ಬೇರೆ ಯಾರೋ. ನಾನು ನೋಡಲಿಲ್ಲ.

ಹಾಲಿನ ಹಿಂದೆ ಒಂದು ಓಣಿಯಂಥ ಇಕ್ಕಟ್ಟಾದ ಕೋಣೆ, ಗೋಡೆಯ ತುಂಬ ಕಾಗದ ವಿಂಗಡಿಸುವ ಹಳೆಯ ಖಾನೆಗಳು. ಅಲ್ಲಿ ಅವಳು ನಿಂತಿದ್ದಳು. ಬಿಡುವು ಸಿಕ್ಕ ಕೂಡಲೇ ಭಾವ ಓಡಿ ಬಂದರು. ನಾನೂ ಕತ್ತರಿಯೂ ಅವರ ಹಿಂದೆ.

"ಎದೆ ನೋವಾಯ್ತಾ?" ಎಂದರು ಭಾವ.

"ಇಲ್ಲ. ಎದೆ ಚೆನ್ನಾಗೇ ಇತ್ತು. ಎಷ್ಟು ಇಳಿಸಿದ್ರಿ?"

ಭಾವ ಖಾನೆಯ ಅಂಚನ್ನು ಹಿಡಿದುಕೊಂಡರು. "ಹನ್ನೆರಡು."

"ಹನ್ನೆರಡು" ಎಂದಳು ಅಕ್ಕ. ಅವಳ ದನಿ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಯಾರಿಗೂ ಒಂದು ಬಡಿತ ಕದಿಯದೋರು ನನ್ನ ಹತ್ರ ಹನ್ನೆರಡು ಕದ್ರಿ."

"ನೀನು ಕಣ್ಣು ಮುಚ್ಚಿದೆ. ನನಗೆ ಭಯ ಆಯ್ತು."

"ನನಗೂ ಭಯನೇ ರೀ. ಬೆಳಿಗ್ಗೆ ಎದ್ದ ಕೂಡಲೇ ಭಯ, ಹಾಲಿನ ಪಾತ್ರೆ ಎತ್ತಿದ್ರೆ ಭಯ. ನನ್ನ ಭಯ ನಾನು ಹೇಗೋ ಹೊರ್ತೀನಿ. ನಿಮ್ಮದನ್ನೂ ಇವಳದನ್ನೂ ನಾನೇ ಹೊರಬೇಕು ಅಂದ್ರೆ ಎಲ್ಲಿಂದ ತರಲಿ ಶಕ್ತಿ?"

ಇವಳು ಅಂದರೆ ನಾನು. ನಾನು ನೆಲ ನೋಡಿದೆ. ನಾಚಿಕೆಯಾಯಿತು. ಪ್ರೀತಿ ಅಂತ ನಾವು ಹೆಸರಿಟ್ಟುಕೊಂಡದ್ದು ಅವಳ ಬೆನ್ನ ಮೇಲೆ ಮೂಟೆಯಾಗಿ ಕೂತಿತ್ತು.

ಒಳಗೆ ಬಹುಮಾನ ಹಂಚಿ ಮುಗಿದು, ಇನ್ನು ಎಲ್ಲರೂ ಕುಣಿಯಬಹುದು ಎಂದು ಕೂಗುತ್ತಿದ್ದರು. ಅಕ್ಕ ಕೂದಲು ಬಿಗಿದು ಕಟ್ಟಿದಳು. "ಅದೇ ಹಾಡು ಬಾರಿಸಿ. ಇನ್ನೂರ ಇಪ್ಪತ್ತು. ನಾನು ನಿಲ್ಲಿಸಿದ್ರೂ ನೀವು ನಿಲ್ಲಿಸೋ ಹಾಗಿಲ್ಲ, ಇಳಿಸೋ ಹಾಗಿಲ್ಲ."

"ಬೇಡ ಕಣೇ."

"ಹಾಗಾದ್ರೆ ಇನ್ನು ಮುಂದೆ ನೀವು ಬಾರಿಸೋ ಕಡೆ ನಾನು ಕುಣಿಯಲ್ಲ. ಬೇರೆ ಬ್ಯಾಂಡ್ ಹುಡುಕ್ಕೋತೀನಿ. ಅವರಿಗೆ ನನ್ನ ಎದೆ ವಿಷಯ ಗೊತ್ತಿರಲ್ಲ."

ಕತ್ತರಿ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ, "ನನ್ನ ಎದೆ ವಿಷಯ ಯಾರಾದ್ರೂ ಕೇಳ್ತೀರಾ?" ಅಂದ. ಯಾರೂ ಕೇಳಲಿಲ್ಲ. ಅಕ್ಕ ಅವನ ಕೈ ಹಿಡಿದು ಎಳೆದುಕೊಂಡು ಹೋದಳು.

ಭಾವ ಹೋಗಿ ಕೂತರು. ತುತ್ತೂರಿಯಕ್ಕ ಏನೂ ಕೇಳದೆ ಬೆರಳು ಎತ್ತಿದಳು. ಅಷ್ಟು ವೇಗಕ್ಕೆ ಹೆಚ್ಚು ಜನ ಇಳಿಯಲಿಲ್ಲ, ನೆಲದ ಮೇಲೆ ಐದಾರು ಜೋಡಿ. ಅಕ್ಕ ಕುಣಿದಳು. ಈ ಸಲ ಭಾವ ತಲೆ ತಗ್ಗಿಸಲಿಲ್ಲ, ಕಣ್ಣು ಕೀಳದೆ ಅವಳನ್ನೇ ನೋಡುತ್ತ ಬಾರಿಸಿದರು. ಒಂದು ನಿಮಿಷ ದಾಟಿತು. ನನ್ನ ಕಾಲು ತಾನಾಗಿ ಅವಳ ಕಡೆ ಹೊರಟಿತು, ಬಲವಂತವಾಗಿ ನಿಲ್ಲಿಸಿಕೊಂಡೆ. ಎರಡನೆಯ ನಿಮಿಷವೂ ದಾಟಿತು. ಆಮೇಲೆ ಅಕ್ಕ ಒಂದು ಗಿರಕಿಯನ್ನು ಅರ್ಧಕ್ಕೆ ಬಿಟ್ಟಳು. ಕತ್ತರಿಗೆ ಏನೋ ಹೇಳಿದಳು, ಅವನು ಕೈ ಬಿಟ್ಟ. ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಿಧಾನವಾಗಿ ಗೋಡೆಯ ಪಕ್ಕದ ಕುರ್ಚಿಯವರೆಗೆ ನಡೆದು ಬಂದು ಕೂತಳು.

ನಾನು ಎರಡು ಹೆಜ್ಜೆ ಮುಂದಿಟ್ಟೆ. ಅವಳು ಕೈ ಎತ್ತಿ ಅಲ್ಲೇ ಇರು ಎಂದಳು. ತಲೆ ಹಿಂದಕ್ಕೆ ಒರಗಿಸಿ, ಬಾಯಿಂದ ಉಸಿರು ಬಿಡುತ್ತ, ವೇದಿಕೆಯ ಕಡೆ ನೋಡಿದಳು. ಹಾಡು ಮುಗಿಯಲು ಇನ್ನೂ ಒಂದೂವರೆ ನಿಮಿಷವಿತ್ತು. ಬಾಸಿನ ಮುದುಕನ ಕತ್ತು ತಿರುಗಲಿಲ್ಲ, ತುತ್ತೂರಿಯಕ್ಕನೂ ತಿರುಗಲಿಲ್ಲ, ಅದರಿಂದಲೇ ವೇಗ ಇಳಿದಿಲ್ಲ ಎಂದು ನನಗೆ ಗೊತ್ತಾಯಿತು. ಭಾವ ಅಳುತ್ತಿದ್ದರು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.