ನಾನಿಲ್ಲದಾಗ ತೆಗೆಸಿದ ಜಾವಳ

"ಹಿರೇರು ಒಳ್ಳೇದಕ್ಕ ಮಾಡಿರ್ತಾರ" ಎಂದು ಯಾರಾದರೂ ಅಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಹೌದು, ಒಳ್ಳೆಯದಕ್ಕೇ ಮಾಡಿದರು. ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಮಾಡಿದರು.

ಮಗಳು ಹುಟ್ಟಿ ಕೆಲವೇ ತಿಂಗಳಲ್ಲಿ ಅವಳ ತಲೆ ಅಳತೆ ಮೀರಿ ಬೆಳೆಯತೊಡಗಿತ್ತು. ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದು ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ, ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೆ ಸಣ್ಣ ಪೈಪು ಇಟ್ಟರು. ಬಲಗಿವಿಯ ಹಿಂದೆ ಅದು ಹುಣಸೆಬೀಜದಷ್ಟು ಉಬ್ಬಿ ಕೈಗೆ ಸಿಗುತ್ತಿತ್ತು. "ಇಲ್ಲಿ ಗಾಯ ಆಗಬಾರದ್ರಿ. ಪೈಪಿಗೆ ನಂಜ ಹತ್ತಿದ್ರ ಸೀದಾ ಮಿದುಳಿಗೇ ಹೋಗ್ತೈತಿ" ಎಂದು ಡಾಕ್ಟರು ಹೇಳಿದ್ದನ್ನು ನಾನು, ಗಂಡ, ಅತ್ತೆ ಮೂವರೂ ಒಂದೇ ಬೆಂಚಿನ ಮೇಲೆ ಕೂತು ಕೇಳಿದ್ದೆವು.

ಅತ್ತೆಯ ಚಿಂತೆಯೇ ಬೇರೆ. ಆಪರೇಶನ್ನಿಗೆ ಮುಂಚೆ ಆಸ್ಪತ್ರೆಯವರು ಮಗುವಿನ ಅರ್ಧ ತಲೆ ಬೋಳಿಸಿದ್ದರು. "ದೇವೀಗೆ ಕೊಡೋ ಕೂದ್ಲ ಆಸ್ಪತ್ರಿ ಕಸದ ಬುಟ್ಯಾಗ ಹೋತು" ಎಂದು ಬ್ಯಾಡಗಿಯ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದರು. ಮಗು ಸೀನಿದರೂ ಅದೇ ಕಾರಣ, ಹಾಲು ಕಕ್ಕಿದರೂ ಅದೇ ಕಾರಣ. ಉಳಿದ ಹುಟ್ಟುಗೂದಲನ್ನಾದರೂ ದೇವಿಗೆ ಬೋಳಿಸಿ ಕೊಟ್ಟು ಜಾವಳ ತೆಗೆಸಲೇಬೇಕಂತೆ. ಕತ್ತರಿಯಿಂದ ನಾಲ್ಕು ಕೂದಲು ತೆಗೆದು ಒಪ್ಪಿಸಿ, ಬ್ಲೇಡು ಮಾತ್ರ ಬೇಡ ಎಂದೆ. "ಆತು ಬಿಡವಾ" ಎಂದರು. ಇಷ್ಟು ಸುಲಭಕ್ಕೆ ಒಪ್ಪಿದರಲ್ಲ ಎಂದು ನನಗೇ ಆಶ್ಚರ್ಯವಾಗಿತ್ತು.

ನನಗೆ ಮೋಟೆಬೆನ್ನೂರಿನಲ್ಲಿ ಶಾಲೆಯ ಕೆಲಸ. ಆಗ ನನ್ನ ಹತ್ತಿರ ಮೊಬೈಲೂ ಇರಲಿಲ್ಲ. ಒಂದು ಶುಕ್ರವಾರ ಸಂಜೆ ಬಸ್ಸಿಳಿದು ಬಂದರೆ ಬಾಗಿಲಲ್ಲಿ ನನ್ನ ಅಣ್ಣನ ಬೈಕು. ಅವನನ್ನು ಕರ್ಜಗಿಯಿಂದ ಕರೆಸಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಸೋದರಮಾವ ಬೇಕಲ್ಲ! ಒಳಗೆ ಎಲ್ಲರೂ ಹೋಳಿಗೆ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದರು. ಮಗಳ ತಲೆ ನುಣ್ಣಗೆ ಬೋಳು. ಕಿವಿಯ ಹಿಂದಿನ ಉಬ್ಬಿನ ಮೇಲೆ ಅರಿಸಿನದ ಭಂಡಾರ ಮೆತ್ತಿತ್ತು, ಅದರ ನಡುವೆ ರಕ್ತದ ಗೆರೆ.

"ಒಂಚೂರು ಬ್ಲೇಡ್ ತಾಕೇತಿ. ದೇವೀ ಭಂಡಾರ ಹಚ್ಚೇವಿ, ಮಾಯತೈತಿ ತಗೋ" ಎಂದರು ಅತ್ತೆ.

"ನಿನಗ ಗೊತ್ತೈತಿ ಅನ್ಕೊಂಡಿದ್ದೆ" ಎಂದ ಅಣ್ಣ. ಗಂಡ ಗೋಡೆ ನೋಡುತ್ತಿದ್ದ. ನನಗಾಗಿ ತೆಗೆದಿಟ್ಟಿದ್ದ ಹೋಳಿಗೆಯ ತಾಟನ್ನು ಎತ್ತಿ ಅಂಗಳಕ್ಕೆ ಒಗೆದೆ. ಹಬ್ಬದಂಥ ದಿನ ನಾನು ಕೂಗಾಡಿದೆನೆಂದು ಎಲ್ಲರಿಗೂ ಬೇಸರವಾಯಿತು, ಪಾಪ!

ವಾರದೊಳಗೆ ಜ್ವರ ಬಂತು. ಊರ ಡಾಕ್ಟರು ವೈರಲ್ ಎಂದು ಸಿರಪ್ ಕೊಟ್ಟರು. ತಲೆಯಲ್ಲಿ ಪೈಪಿದೆ ಎಂದು ನಾನು ಹೇಳುತ್ತಲೇ ಇದ್ದೆ, ಅವರು ಬರೆಯುತ್ತಲೇ ಇದ್ದರು. ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ದೃಷ್ಟಿಯೇ ಎಂದು ತೀರ್ಮಾನ ಕೊಟ್ಟರು. ಮಗು ಕತ್ತು ಬಗ್ಗಿಸಲಾರದೆ ಕಿರುಚತೊಡಗಿದಾಗ ಯಾರನ್ನೂ ಕೇಳದೆ ಬಾಡಿಗೆ ಕಾರಿನಲ್ಲಿ ರಾಣೇಬೆನ್ನೂರಿಗೆ ಓಡಿದೆ. ಅಲ್ಲಿನ ಮಕ್ಕಳ ಡಾಕ್ಟರು ಕಿವಿಯ ಹಿಂದೆ ಮುಟ್ಟಿ ನೋಡಿದವರೇ, "ಇಲ್ಲಿ ಕುಂದ್ರಬ್ಯಾಡ್ರಿ, ಹುಬ್ಬಳ್ಳಿಗೆ ನಡೀರಿ" ಎಂದರು. ಹಾವೇರಿ ದಾಟುವಾಗ ನನ್ನ ಮಡಿಲಲ್ಲೇ ಅವಳಿಗೆ ಫಿಟ್ಸ್ ಬಂತು.

ನಂಜು ಹತ್ತಿದ ಪೈಪನ್ನು ತೆಗೆದು, ಮಿದುಳಿನ ನೀರು ಹೊರಗಿನ ಚೀಲಕ್ಕೆ ಇಳಿಯುವಂತೆ ಮಾಡಿ, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟರು. ಆಮೇಲೆ ಎಡಗಡೆ ಹೊಸ ಪೈಪು. ಮಗಳು ಬದುಕಿದಳು. ಆದರೆ ನಂಜು ಎರಡೂ ಕಿವಿಗಳನ್ನು ತಿಂದುಹಾಕಿತ್ತು.

ಮನೆಗೆ ಬಂದವರಿಗೆಲ್ಲ ಅತ್ತೆ ಏನು ಹೇಳುತ್ತಿದ್ದರು ಗೊತ್ತೇ? ಜಾವಳ ಕೊಟ್ಟಿದ್ದಕ್ಕೇ ದೇವಿ ಜೀವ ಉಳಿಸಿದಳಂತೆ! ದೇವಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಬ್ಲೇಡು ಕೇಳಿರಲಿಲ್ಲ. ಅತ್ತೆಯ ಜೊತೆ ಮಾತ್ರ ಮಾತು ಬಿಟ್ಟೆ.

ಒಂದು ಮಧ್ಯಾಹ್ನ ಅವರೇ ಚಹಾ ತಂದು ನನ್ನ ಮುಂದಿಟ್ಟರು. ಮಗಳು ನಮಗೆ ಬೆನ್ನು ಮಾಡಿ ಅಂಗಳದ ಮಣ್ಣಲ್ಲಿ ಆಡುತ್ತಿದ್ದಳು.

"ಆಗಿದ್ದು ಆಗಿಹೋತು. ಎಷ್ಟ ದಿನ ಅಂತ ಸಿಟ್ಟ ಹಿಡೀತಿ? ಮರ್ತಬಿಡವಾ."

"ಮರೀತೇನ್ರಿ ಅತ್ತಿ" ಎಂದೆ. "ಇಲ್ಲೇ ಕುಂತು ಆಕೀನ್ನ ಒಂದ್ಸಲ ಕರೀರಿ. ತಿರುಗಿ ನೋಡಿದ್ರ ಈಗಿಂದೀಗ ಮರೀತೇನಿ."

ಅತ್ತೆ ಬಾಯಿ ತೆರೆದರು. ಕರೆಯಲಿಲ್ಲ.